ಒಂಟಿ ಎತ್ತಿನ ಯಜಮಾನ

ಜನವರಿ ೩, ೧೯೬೯

ಇದು ೧೯೬೮ರ ಡೈರಿ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ದೊಡ್ಡಬಳ್ಳಾಪುರದ ಗೊಬ್ಬರದ ಅಂಗಡಿಯವರು ಕೊಟ್ಟಿದ್ದು. ಇದರಲ್ಲಿ ಬೇಸಾಯದ ವಿಷಯ ಬರೆಯಲೋ ಸ್ವಂತ ವಿಷಯ ಬರೆಯಲೋ ಎಂದು ಆಲೋಚಿಸುತ್ತಿರುವಾಗಲೇ ವರ್ಷ ಮುಗಿದುಹೋಯಿತು. ಈಗ ವಾರಗಳು ಹೊಂದುವುದಿಲ್ಲ. ಇರಲಿ, ಕಾಗದ ಚೆನ್ನಾಗಿದೆ. ಪ್ರತಿ ಪುಟದ ಕೆಳಗೂ ಹುಳದ ಔಷಧಿಯ ಜಾಹೀರಾತು ಇರುವುದೊಂದು ಬಿಟ್ಟರೆ ಬೇರೆ ದೋಷವಿಲ್ಲ. ಸ್ವಂತ ವಿಷಯವನ್ನೇ ಬರೆಯುತ್ತೇನೆ. ಮನೆಯಲ್ಲಿ ಓದು ಬಂದವನು ನಾನೊಬ್ಬನೇ. ಅವ್ವ ಮುತ್ಯಾಲಮ್ಮನಿಗೆ ಇದು ರಾಗಿಯ ಲೆಕ್ಕವೆಂದು ಹೇಳಿದ್ದೇನೆ.

ಮೊದಲ ಪುಟವಾದ್ದರಿಂದ ಹೆಸರು ಬರೆಯಬೇಕು. ಆದಿನಾರಾಯಣಪ್ಪ, ಎಸ್.ಎಸ್.ಎಲ್.ಸಿ. ಪಾಸು, ಮಧುರೆ ಹೋಬಳಿ. ಊರಿನವರು ನನ್ನನ್ನು ಅನುಮಾನದ ಮನುಷ್ಯ ಎನ್ನುತ್ತಾರೆ. ಶುದ್ಧ ಸುಳ್ಳು. ನಾನು ಆಲೋಚನೆಯ ಮನುಷ್ಯ. ಬೆಂಗಳೂರಿನ ಗಡಿಯಾರದ ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆ ಬಂದಾಗ ಮೊದಲ ಬಸ್ಸಿಗೆ ಹೋದರೆ ಬೇಗ ಆಗುತ್ತದೆ, ಎರಡನೆಯದಕ್ಕೆ ಹೋದರೆ ತಡವಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಎರಡೂ ಹೋದವು. ಅದು ಬಸ್ಸಿನವರ ತಪ್ಪು, ಮಧ್ಯದಲ್ಲಿ ಒಂದು ಬಿಡಬೇಕಿತ್ತು.

ಮದುವೆಯ ವಿಷಯದಲ್ಲೂ ಅಷ್ಟೇ. ನಾನು ಹೆಣ್ಣು ನೋಡಿಲ್ಲವೆಂದಲ್ಲ. ದೇವನಹಳ್ಳಿಯಲ್ಲಿ ಒಂದು ಮನೆಗೆ ಪಿಳ್ಳಪ್ಪಮಾವ ಕರೆದುಕೊಂಡು ಹೋಗಿದ್ದ. ಹುಡುಗಿ ತಟ್ಟೆ ತಂದು ಮುಂದಿಟ್ಟಳು. ತಲೆ ಎತ್ತಿ ನೋಡಿದರೆ ಏನೆಂದುಕೊಳ್ಳುತ್ತಾಳೋ ಎಂದು ನಾನು ತಟ್ಟೆಯನ್ನೇ ನೋಡಿದೆ. ಚಕ್ಕೋತದ ತೊಳೆ, ಮೇಲೆ ಉಪ್ಪು ಖಾರ. ಅಷ್ಟು ರುಚಿಯಾದ ಚಕ್ಕೋತ ಈವತ್ತಿನವರೆಗೆ ಇನ್ನೊಮ್ಮೆ ತಿಂದಿಲ್ಲ. ಹುಡುಗಿಯೂ ಚೆನ್ನಾಗಿಯೇ ಇದ್ದಿರಬೇಕು. ಮಾವ ಕಿವಿಯಲ್ಲಿ "ಹೆಂಗ್ಲಾ?" ಎಂದ. "ಯೋಚನೆ ಮಾಡಿ ಯುಗಾದಿ ಆದ್ಮೇಲೆ ತಿಳಿಸ್ತೀವಿ ಅನ್ನು" ಎಂದೆ. ಆಮೇಲೆ ಯುಗಾದಿಯೂ ಬಂತು, ಕೆಲಸಗಳೂ ಬಂದವು, ಅದು ಹಾಗೇ ಉಳಿಯಿತು.

ಈಗಿನ ವಿಷಯ ಎತ್ತಿನದು. ಹಳೆಯ ಜೋಡಿಗೆ ವಯಸ್ಸಾಯಿತೆಂದು ಮಾರಿದ್ದಾಗಿದೆ. ಹೊಸ ಜೋಡಿ ತರಬೇಕು. ಪಿಳ್ಳಪ್ಪಮಾವ ಜೊತೆಗೆ ಬರುತ್ತೇನೆಂದಿದ್ದಾನೆ. ಎಲ್ಲ ಆಲೋಚಿಸಿಯೇ ಕೊಳ್ಳುವುದು.

ಜನವರಿ ೧೦

ಒಂದು ಎತ್ತು ಕೊಂಡೆ. ಕೊಂಡೆ ಎನ್ನುವುದಕ್ಕಿಂತ ಅದು ನನಗೆ ಅಂಟಿಕೊಂಡಿತು ಎನ್ನಬೇಕು.

ಸಂತೆಯಲ್ಲಿ ಆವಲಪ್ಪ ಎಂಬ ದಳ್ಳಾಳಿ ಸಿಕ್ಕ. ಬಾಶೆಟ್ಟಿಹಳ್ಳಿಯವನು, ದೊಡ್ಡ ಮೀಸೆ, ಹೆಗಲ ಮೇಲೆ ಕೆಂಪು ಟವಲು. ದನದ ವ್ಯಾಪಾರವನ್ನು ಬಾಯಲ್ಲಿ ಆಡುವುದಿಲ್ಲ, ಅಕ್ಕಪಕ್ಕದವರಿಗೆ ಬೆಲೆ ಗೊತ್ತಾಗಬಾರದು. ದಳ್ಳಾಳಿ ಕೈಗಳ ಮೇಲೆ ಟವಲು ಮುಚ್ಚಿ, ಒಳಗೆ ನಮ್ಮ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಒಪ್ಪದಿದ್ದರೆ ಕೈ ಕೊಡವಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. ಇದು ನನಗೂ ಗೊತ್ತು. ಹಾಲು ಕುಡಿಯುವ ಮಗುವಿಗೂ ಗೊತ್ತು.

ಆವಲಪ್ಪ ನನ್ನ ಬೆರಳು ಹಿಡಿದ. ಬೆಲೆ ಹೆಚ್ಚಾಯಿತೇ, ಕಡಿಮೆಯಾಯಿತೇ, ಎತ್ತು ಒಂಟಿಯಾಗಿದೆಯಲ್ಲ, ಜೋಡಿ ಎಲ್ಲಿ, ಹಲ್ಲು ಎಷ್ಟು ಎಂದೆಲ್ಲ ಆಲೋಚಿಸತೊಡಗಿದೆ. ಕೈ ಒಳಗೇ ಇತ್ತು. ಪಿಳ್ಳಪ್ಪಮಾವ ಬೀಡಿ ಹಚ್ಚಲು ಬೆಂಕಿ ಕೇಳಿಕೊಂಡು ಹೋಗಿದ್ದ. ಆವಲಪ್ಪನ ಮುಖ ಇದ್ದಕ್ಕಿದ್ದಂತೆ ಹಿಗ್ಗಿತು, ಮೀಸೆಯ ಎರಡು ತುದಿಯೂ ಮೇಲೆದ್ದವು. "ಆಯ್ತು!" ಎಂದು ಕೂಗಿ ಟವಲು ಕಿತ್ತುಕೊಂಡು ಹಗ್ಗ ತಂದು ನನ್ನ ಕೈಗಿಟ್ಟ.

"ನಾನು ಇನ್ನೂ ಯೋಚನೆ ಮಾಡ್ತಾ ಇದ್ದೆ" ಎಂದೆ.

"ಕೈ ಒಳಗಿಟ್ಕೊಂಡು ಯೋಚನೆ ಮಾಡ್ತಾರೇನ್ ಸ್ವಾಮಿ? ಮನೇಲಿ ಮಾಡ್ಕೊಂಡು ಬರ್ಬೇಕು" ಎಂದ.

ಹಗ್ಗ ಕೈಗೆ ಬಂದ ಮೇಲೆ ವಾಪಸು ಕೊಡುವಂತಿಲ್ಲ. ಮಾವ ಬೀಡಿ ಸೇದುತ್ತಾ ಬಂದು ಎತ್ತನ್ನೂ ನನ್ನನ್ನೂ ನೋಡಿ, "ಇನ್ನೊಂದೆಲ್ಲೋ?" ಎಂದ.

ಜನವರಿ ೧೨

ಎತ್ತು ಎಡಗಡೆಯದು. ಅಂದರೆ ನೊಗದ ಎಡಕ್ಕೆ ಕಟ್ಟಿದರೆ ಮಾತ್ರ ನಡೆಯುತ್ತದೆ, ಬಲಕ್ಕೆ ಕಟ್ಟಿದರೆ ಮಲಗಿಬಿಡುತ್ತದೆ. ಹೀಗಾಗಿ ಈಗ ಬೇಕಾಗಿರುವುದು ಬಲಗಡೆಯ ಎತ್ತು. ಇದೇ ಎತ್ತರ, ಇದೇ ಬಣ್ಣ, ಇದೇ ಕೊಂಬು. ಅಲ್ಲಿಯವರೆಗೆ ಇದು ಕೊಟ್ಟಿಗೆಯಲ್ಲಿ ನಿಂತುಕೊಂಡು ತಿನ್ನುತ್ತದೆ, ಅಷ್ಟೇ.

ಅವ್ವ ಅದನ್ನು "ಏ ಇವ್ನೇ" ಎಂದು ಕರೆಯುತ್ತಿದ್ದಾಳೆ. ರಾಮ ಎಂದಿಡಲೋ ಭೀಮ ಎಂದಿಡಲೋ ಇನ್ನೂ ನಿಶ್ಚಯಿಸಿಲ್ಲ. ಪಕ್ಕದ ಮನೆಯ ಬೈಲಪ್ಪ ಬೇಲಿಯ ಮೇಲಿಂದ ಇಣುಕಿ, "ಏನ್ ಗುರು, ಒಂಟಿ ಎತ್ತಿಗೆ ಒಂಟಿ ಯಜಮಾನ, ಒಳ್ಳೇ ಜೋಡಿ ಬಿಡು. ಇನ್ನೊಂದ್ ಕಡೆ ನೊಗಕ್ಕೆ ನೀನೇ ಹೆಗಲು ಕೊಡು" ಎಂದ. ನನಗೆ ತಕ್ಕ ಉತ್ತರ ಹೊಳೆಯಿತು. ಆದರೆ ಅಷ್ಟರಲ್ಲಿ ಅವನು ಊಟ ಮುಗಿಸಿ ಮಲಗಿದ್ದ.

ಜನವರಿ ೧೮

ಬೈಸಿಕಲ್ ಮೇಲೆ ಬಾಶೆಟ್ಟಿಹಳ್ಳಿಗೆ ಹೋದೆ. ಜೋಡಿ ಹುಡುಕಿಕೊಡುವ ಜವಾಬ್ದಾರಿ ಆವಲಪ್ಪನದೇ ಎಂದು ಕಡ್ಡಿ ಮುರಿದಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಸಾಮಿ ಮನೆಯಲ್ಲಿರಲಿಲ್ಲ. ಜಗಲಿಯ ಮೇಲೆ ಅವನ ದೊಡ್ಡ ಮಗಳು ಹೊಲಿಗೆ ಯಂತ್ರ ತುಳಿಯುತ್ತಾ ಕೂತಿದ್ದರು. ಹೆಸರು ಅನುಸೂಯಮ್ಮ. ತಾಯಿ ಇಲ್ಲ. ತಂಗಿಯರಿಬ್ಬರ ಮದುವೆ ಮಾಡಿ ಕಳಿಸಿ, ಈಗ ಊರಿನವರಿಗೆ ರವಿಕೆ, ಅಂಗಿ ಹೊಲಿದುಕೊಡುತ್ತಾರಂತೆ.

"ಯಾವೂರು?" ಎಂದರು ತಲೆ ಎತ್ತದೆ. ಹೇಳಿದೆ. "ಯಾರ ಮನೆ?" ಎಂದರು. ಪಿಳ್ಳಪ್ಪನವರ ಅಕ್ಕನ ಮಗ ಆದಿನಾರಾಯಣಪ್ಪ ಎಂದೆ. ಯಂತ್ರ ನಿಂತಿತು, ದಾರ ಕಿತ್ತುಹೋಯಿತು. ಈಗಿನ ದಾರಗಳು ಗಟ್ಟಿಯಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಬಿಸಿಲಲ್ಲಿ ಬಂದಿದ್ದೆನಲ್ಲ, ಮುಖ ಬಾಡಿತ್ತೇನೋ. ಒಳಗೆ ಹೋಗಿ ತಟ್ಟೆ ತಂದು ಮುಂದಿಟ್ಟರು. ಚಕ್ಕೋತದ ತೊಳೆ, ಮೇಲೆ ಉಪ್ಪು ಖಾರ.

"ದೇವನಹಳ್ಳೀದು. ನಮ್ಮ ಸೋದರಮಾವನ ತೋಟದ್ದು. ತಿನ್ನಿ, ನಿಮಗೆ ಚಕ್ಕೋತ ಅಂದ್ರೆ ಇಷ್ಟ ಅಲ್ವಾ?"

ನನಗೆ ಇಷ್ಟವೆಂದು ಇವರಿಗೆ ಹೇಗೆ ಗೊತ್ತಾಯಿತೋ! ಮುಖ ನೋಡಿಯೇ ಹೇಳುವವರು ಕೆಲವರಿರುತ್ತಾರೆ. ತಿಂದೆ. ಇಷ್ಟು ವರ್ಷಗಳಲ್ಲಿ ಇಂಥ ಚಕ್ಕೋತ ತಿಂದಿರಲಿಲ್ಲ.

ಎತ್ತಿಗೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳಿದರು. ಇನ್ನೂ ಆಲೋಚನೆಯಲ್ಲಿದೆ ಎಂದೆ. "ಬಣ್ಣ ಏನು?" "ಬೂದಿ." "ಬೂದ ಅಂತಿಡಿ. ಇದಕ್ಕೂ ಪಂಚಾಯ್ತಿ ಸೇರಿಸ್ಬೇಕಾ?" ಎಂದು ಮತ್ತೆ ಯಂತ್ರ ತುಳಿದರು.

ಬೂದ ಒಳ್ಳೆಯ ಹೆಸರೇ. ನಾನೂ ಅದೇ ಅಂದುಕೊಳ್ಳುವುದರಲ್ಲಿದ್ದೆ.

ಅನುಸೂಯಮ್ಮನವರ ಮುಖ ಚೆನ್ನಾಗಿದೆ. ಇದು ರಾಗಿಯ ಲೆಕ್ಕಕ್ಕೆ ಸಂಬಂಧಪಟ್ಟದ್ದಲ್ಲ. ಆದರೂ ಬರೆದಿದ್ದೇನೆ.

ಜನವರಿ ೨೭

ನಾಲ್ಕು ದಿನದ ಹಿಂದೆ ಅಂಗಿ ಬಟ್ಟೆ ತೆಗೆದುಕೊಂಡು ಮತ್ತೆ ಹೋಗಿದ್ದೆ. ಬೂದನ ಜೋಡಿಯ ವಿಚಾರವೂ ಇತ್ತಲ್ಲ. ತುಂಬು ತೋಳೋ ಅರ್ಧ ತೋಳೋ ಎಂದು ಕೇಳಿದರು. ಬೇಸಿಗೆ ಬರುತ್ತಿದೆ, ಅರ್ಧ ಒಳ್ಳೆಯದು. ಆದರೆ ಬಿಸಿಲಿಗೆ ಕೈ ಸುಡುತ್ತದೆ, ತುಂಬು ಒಳ್ಳೆಯದು. ಮಡಚಿಕೊಂಡರೆ ತುಂಬೂ ಅರ್ಧವಾಗುತ್ತದೆ, ಆದರೆ ಅರ್ಧವು ತುಂಬಾಗುವುದಿಲ್ಲ ಎಂದು ವಿವರಿಸಿದೆ. ಅವರು ಕತ್ತರಿ ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿದರು.

"ನಾಳಿದ್ದು ಬನ್ನಿ" ಎಂದರು.

"ಯಾವ ತೋಳು ಅಂತ ನಾನಿನ್ನೂ ಹೇಳ್ಲಿಲ್ಲ."

"ನೀವು ಹೇಳೋ ಹೊತ್ತಿಗೆ ಬಟ್ಟೆ ಗೆದ್ದಲು ಹಿಡೀತದೆ. ನಾನು ಹೊಲೀತೀನಿ."

ತುಂಬು ತೋಳು ಹೊಲಿದರು. ಅಳತೆ ತೆಗೆಯದೆ ಬರೀ ಕಣ್ಣಳತೆಯಲ್ಲಿ ಹೊಲಿದದ್ದು, ಮೈಗೆ ಅಂಟಿದ ಹಾಗೆ ಕೂತಿದೆ. ಅವ್ವ ನೋಡಿ, "ಈ ಅಂಗೀಲಿ ಒಳ್ಳೇ ಮದ್ವೆ ಗಂಡಿನಂಗೆ ಕಾಣ್ತೀಯಲ್ಲೋ" ಎಂದಳು. ಅವಳಿಗೆ ಸದಾ ಅದೇ ಚಿಂತೆ.

ಫೆಬ್ರವರಿ ೪

ಆವಲಪ್ಪ ನೆಲಮಂಗಲದ ಸಂತೆಯಲ್ಲಿ ಬಲಗಡೆಯ ಎತ್ತು ತೋರಿಸಿದ. ಬೂದನ ಪಡಿಯಚ್ಚು! ಆದರೆ ಕಂಡ ಕೂಡಲೆ ಹೂಂ ಎನ್ನಲು ಇದೇನು ಕಡಲೆಕಾಯಿಯೇ? ಹಲ್ಲು ನೋಡಿದೆ. ಗೊರಸು ನೋಡಿದೆ. ನಡೆಸಿ ನೋಡಿದೆ. ಹಣೆಯ ಸುಳಿ ಸರಿಯಾಗಿತ್ತು, ಬೆನ್ನಿನ ಸುಳಿ ಒಂದು ಕೂದಲೆಳೆ ಪಕ್ಕಕ್ಕೆ ಇತ್ತೋ ಏನೋ ಎಂಬ ಶಂಕೆ ಬಂತು. ಒಂದು ಕಾಫಿ ಕುಡಿದು ಬಂದು ಇನ್ನೊಮ್ಮೆ ನೋಡೋಣವೆಂದು ಹೋಟೆಲಿಗೆ ಹೋದೆ. ವಾಪಸು ಬಂದರೆ ಬೈಲಪ್ಪ ಹಗ್ಗ ಹಿಡಿದು ನಿಂತಿದ್ದಾನೆ!

"ಸುಳಿ ಸ್ವಲ್ಪ ಪಕ್ಕಕ್ಕಿದೆ ಕಣೋ" ಎಂದೆ.

"ನಾನು ಬೆನ್ನಿನ ಮೇಲೆ ಕೂತ್ಕೊಂಡು ಸುಳಿ ನೋಡೋದಿಲ್ಲ ಗುರು, ಉಳ್ತೀನಿ" ಎಂದ.

ಈಗ ಅದು ಬೇಲಿಯ ಆಚೆ ನಿಂತಿದೆ. ಬೂದ ಬೇಲಿಯ ಈಚೆ ನಿಂತಿದ್ದಾನೆ. ದಿನವಿಡೀ ಎರಡೂ ಒಂದನ್ನೊಂದು ನೋಡುತ್ತವೆ. ನನ್ನ ಹೊಟ್ಟೆ ಉರಿಯುತ್ತದೆ.

ಫೆಬ್ರವರಿ ೮

ಎತ್ತು ತಪ್ಪಿದ ಕತೆಯನ್ನು ಅನುಸೂಯಮ್ಮನವರಿಗೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಎತ್ತು ಹೋದ್ರೆ ಇನ್ನೊಂದು ಎತ್ತು ಸಿಗ್ತದೆ ಬಿಡಿ" ಎಂದರು. ಆಮೇಲೆ ಏನೋ ಹೇಳಲು ಬಾಯಿ ತೆರೆದು, ಸೂಜಿ ಬಾಯಿಗಿಟ್ಟುಕೊಂಡರು. ಸೂಜಿ ಬಾಯಲ್ಲಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವಲ್ಲ. ಮುಂದಿನ ಸಲ ಹೇಳಬೇಕು.

ಫೆಬ್ರವರಿ ೧೬

ಈವತ್ತು ಎರಡನೆಯ ಅಂಗಿ ತರಲು ಹೋಗಿದ್ದೆ. ಮಡಚಿ ಕೈಗೆ ಕೊಡುತ್ತಾ ಅವರೇ ಹೇಳಿದರು. "ಮುಂದಿನ ಭಾನುವಾರ ಹೊಸಕೋಟೆಯಿಂದ ಗಂಡಿನ ಕಡೆಯೋರು ಬರ್ತಾರೆ. ತರಕಾರಿ ಮಂಡಿ ಇಟ್ಟವರಂತೆ. ಹೋದ ಸಲ ನೋಡ್ಕೊಂಡು ಹೋಗಿದ್ರು. ಈ ಸಲ ಮಾತು ಮುಗಿಸೋಕೆ ಬರೋದು. ಅಪ್ಪ ಒಪ್ಪಿದ್ದಾರೆ."

"ನೀವು?" ಎಂದು ಕೇಳಬೇಕೆನಿಸಿತು. ನಾನು ಯಾರು ಕೇಳಲಿಕ್ಕೆ ಎನಿಸಿತು. ಕೇಳಿದರೆ ತಪ್ಪೇನು ಎನಿಸಿತು. ಅವರು ಬಾಗಿಲ ಚೌಕಟ್ಟಿಗೆ ಒರಗಿ ಕಾಯುತ್ತಿದ್ದರು. ಕಾಯುತ್ತಲೇ ಇದ್ದರು.

"ಒಳ್ಳೇದು" ಎಂದೆ.

ಅವರು ಯಂತ್ರದ ಮೇಲೆ ಮುಚ್ಚಳ ಹಾಕಿದರು. ಅಷ್ಟು ಜೋರಾಗಿ ಹಾಕಬೇಕಾದ ಮುಚ್ಚಳವಲ್ಲ ಅದು. ಈವತ್ತು ಚಕ್ಕೋತ ಕೊಡಲಿಲ್ಲ.

ಒಳ್ಳೇದು! ಒಳ್ಳೇದಂತೆ ಒಳ್ಳೇದು! ಈ ನಾಲಿಗೆಯನ್ನು ಏನು ಮಾಡಬೇಕು?

ಫೆಬ್ರವರಿ ೧೭

ನಿಧಾನವಾಗಿ ಆಲೋಚಿಸಿದರೆ ಕೇಳದೆ ಇರುವುದೇ ಸರಿ ಎನಿಸುತ್ತದೆ. ಹೊಸಕೋಟೆಯವರಿಗೆ ಮಂಡಿ ಇದೆ, ನನಗೆ ಒಂದು ಎತ್ತಿದೆ, ಅದೂ ಎಡಗಡೆಯದು. ಕೇಳಿ ಅವರು ಇಲ್ಲವೆಂದರೆ ಆ ಊರಿಗೆ ಮತ್ತೆ ಹೋಗುವ ಹಾಗಿಲ್ಲ. ಕೇಳದಿದ್ದರೆ ಅಂಗಿ ಹೊಲಿಸುವ ನೆಪದಲ್ಲಿ ಹೋಗಬಹುದು. ಆದರೆ ಮದುವೆಯಾಗಿ ಅವರೇ ಹೊಸಕೋಟೆಗೆ ಹೋದ ಮೇಲೆ ಅಂಗಿ ಯಾರು ಹೊಲಿಯುತ್ತಾರೆ? ಈ ಅಂಶವನ್ನು ನಾನು ಗಮನಿಸಿರಲಿಲ್ಲ.

ಫೆಬ್ರವರಿ ೨೦

ಊಟ ಸೇರುವುದಿಲ್ಲ. ಅವ್ವ ದೃಷ್ಟಿ ತೆಗೆದಳು.

ಫೆಬ್ರವರಿ ೨೩, ಭಾನುವಾರ

ಅಕ್ಷರ ಸೊಟ್ಟಗಾದರೂ ಎಲ್ಲವನ್ನೂ ಬರೆದುಬಿಡಬೇಕು.

ಬೂದನ ಗೊರಸಿಗೆ ಏನೋ ಆಗಿದೆ, ಆವಲಪ್ಪನಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಅವ್ವನಿಗೆ ಹೇಳಿ ಬೆಳಿಗ್ಗೆಯೇ ಹೊರಟೆ. ಗೊರಸಿಗೆ ಏನೂ ಆಗಿರಲಿಲ್ಲ. ಅಷ್ಟು ದೂರ ನಡೆಸಿಕೊಂಡು ಹೋದದ್ದರಿಂದ ಹೋಗುವಷ್ಟರಲ್ಲಿ ಸ್ವಲ್ಪ ಆಗಿತ್ತು.

ಜಗಲಿಯ ತುಂಬ ಜನ. ಹೊಸಕೋಟೆಯ ಹಿರಿಯ ಹನುಮಂತರಾಯಪ್ಪ ನಡುವೆ ಕೂತಿದ್ದರು. ಪಕ್ಕದಲ್ಲಿ ಗಂಡು. ನೋಡಲು ಲಕ್ಷಣವಾಗಿಯೇ ಇದ್ದ, ಸುಳ್ಳು ಬರೆಯಬಾರದು. ಕೈಗೆ ಬೆಂಗಳೂರಿನ ಕಾರ್ಖಾನೆಯ ಗಡಿಯಾರ ಕಟ್ಟಿದ್ದ. ಆವತ್ತು ಬಸ್ಸು ಹತ್ತಿದ್ದರೆ ನಾನೇ ಮಾಡಿರುತ್ತಿದ್ದ ಗಡಿಯಾರ. ನಾನು ಹುಣಸೆಮರದ ಕೆಳಗೆ ಬೂದನ ಹಗ್ಗ ಹಿಡಿದು ನಿಂತೆ. ಆವಲಪ್ಪ, "ಸ್ವಲ್ಪ ಇರಪ್ಪಾ, ಇದು ಮುಗೀಲಿ" ಎಂದ.

ಮದುವೆಗೆ ಗಂಡಿನ ಕಡೆಯಿಂದ ಎಷ್ಟು ಬಸ್ಸು ಜನ ಬರುವುದು ಎನ್ನುವಲ್ಲಿಗೆ ಮಾತು ನಿಂತಿತ್ತು. ಹನುಮಂತರಾಯಪ್ಪ ನಾಲ್ಕು ಎನ್ನುತ್ತಿದ್ದರು. ಆವಲಪ್ಪನ ಕೈ ಸುಮ್ಮನಿರಬೇಕಲ್ಲ! ಜೀವಮಾನವೆಲ್ಲ ಸಂತೆಯಲ್ಲಿ ಕಳೆದ ಮನುಷ್ಯ. ಹೆಗಲಿನ ಕೆಂಪು ಟವಲು ತೆಗೆದು ಹನುಮಂತರಾಯಪ್ಪನವರ ಕೈಮೇಲೆ ಮುಚ್ಚಿ ಒಳಗೆ ಕೈ ಹಾಕಿಬಿಟ್ಟ. ಒಂದು ಬೆರಳಿಗೆ ಒಂದು ಬಸ್ಸು. ಹನುಮಂತರಾಯಪ್ಪನವರೂ ಮಂಡಿ ವ್ಯಾಪಾರದವರೇ, ಅವರಿಗೂ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಬ್ಬರೂ ಆಕಾಶ ನೋಡುತ್ತಾ ಟವಲಿನೊಳಗೆ ಬೆರಳು ಮಿಸುಕಾಡಿಸುತ್ತಿದ್ದರು.

ಆಗ ಆವಲಪ್ಪನ ಮೀಸೆಯ ಎರಡು ತುದಿಯೂ ಮೇಲೆದ್ದವು.

ಅಯ್ಯೋ! ಆ ಮುಖ ನನಗೆ ಗೊತ್ತು. ಆ ಮುಖದ ಮುಂದಿನ ಮಾತು ಯಾವುದೆಂದೂ ಗೊತ್ತು. ಬೂದನ ಹಗ್ಗ ಯಾವಾಗ ಬಿಟ್ಟೆನೋ, ಜಗಲಿ ಯಾವಾಗ ಹತ್ತಿದೆನೋ ದೇವರಾಣೆ ನೆನಪಿಲ್ಲ. ನನ್ನ ಬಲಗೈ ಆ ಟವಲಿನೊಳಗೆ ಹೋಗಿತ್ತು.

ಇಬ್ಬರ ಕೈ ಒಳಗಿರುವಾಗ ಮೂರನೆಯವನು ಕೈ ಹಾಕಬಾರದು. ಇದು ಸಂತೆಯ ಕಟ್ಟಳೆ. ಕಳ್ಳರೂ ಇದನ್ನು ಮುರಿಯುವುದಿಲ್ಲ. ಆವಲಪ್ಪ ಒಳಗೆ ತಡವಿ ನೋಡಿ ಬೆಚ್ಚಿಬಿದ್ದ. "ಇದ್ಯಾರ್ದಪ್ಪಾ ಮೂರನೇ ಕೈ!"

"ನನ್ನ ಬೆರಳು ಬಿಡಯ್ಯಾ ಮೊದ್ಲು!" ಎಂದು ಹನುಮಂತರಾಯಪ್ಪ ಕೂಗಿದರು.

ಒಳಗಿನಿಂದ ಅನುಸೂಯಮ್ಮ ದಡದಡನೆ ಬಂದು ಟವಲನ್ನು ಕಿತ್ತು ಅಂಗಳಕ್ಕೆ ಎಸೆದರು. "ನಾನೇನು ಹಾಲು ಕರೆಯೋ ಹಸುವಾ, ಟವಲು ಮುಚ್ಚಿ ಮಾತಾಡೋಕೆ? ಬಾಯಿ ಇರೋರು ಬಾಯಲ್ಲಿ ಹೇಳಿ!"

ಹಗಲು ಬೆಳಕಿನಲ್ಲಿ ನಾನು ಹನುಮಂತರಾಯಪ್ಪನವರ ಎರಡು ಬೆರಳು ಗಟ್ಟಿಯಾಗಿ ಹಿಡಿದುಕೊಂಡಿರುವುದು ಎಲ್ಲರಿಗೂ ಕಂಡಿತು. ಬಿಟ್ಟೆ.

"ಏನು?" ಎಂದರು ಅನುಸೂಯಮ್ಮ, ನನಗೇ.

"ಎತ್ತಿನ ಗೊರಸು ತೋರಿಸೋಕೆ ಬಂದೆ" ಎಂದೆ.

ಅವರ ಮುಖ ನೋಡಿದೆ. ಕೋಪವಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪ ಆರಿಹೋಗುತ್ತಿತ್ತು, ಅದನ್ನು ನೋಡಲಾಗಲಿಲ್ಲ. "ಅದಲ್ಲ, ಸುಳ್ಳು ಹೇಳ್ದೆ. ಗೊರಸು ಚೆನ್ನಾಗೇ ಇದೆ. ನಿಮ್ಮನ್ನ ಕೇಳೋಕೆ ಬಂದೆ. ನಿಮ್ಮನ್ನ ನಾನು ಮದ್ವೆ ಆಗ್ಬೇಕು. ನನಗೆ ಬಸ್ಸು ಒಂದೂ ಬೇಡ. ಗಾಡೀಲಿ ಬರ್ತೀವಿ."

"ಗಾಡಿಗೆ ಇರೋದು ಒಂದೇ ಎತ್ತು" ಎಂದ ಆವಲಪ್ಪ.

"ಅಪ್ಪಾ, ಸುಮ್ಕಿರು" ಎಂದರು ಅನುಸೂಯಮ್ಮ. ಹೊಸಕೋಟೆಯವರ ಕಡೆ ತಿರುಗಿ ಕೈ ಮುಗಿದರು. "ನಿಮ್ಮದೇನೂ ತಪ್ಪಿಲ್ಲ, ಮನ್ನಿಸಬೇಕು. ನನ್ನ ಮನಸ್ಸು ಇದಕ್ಕೆ ಒಪ್ತಾ ಇಲ್ಲ. ಮೊದಲೇ ಹೇಳ್ಬೇಕಿತ್ತು. ನಾನೂ ತಡ ಮಾಡ್ದೆ."

ಹನುಮಂತರಾಯಪ್ಪ ತಮ್ಮ ಬೆರಳು ನೀವಿಕೊಳ್ಳುತ್ತಾ ಎದ್ದರು. ದೊಡ್ಡ ಮನುಷ್ಯರು. "ನಡೀರಪ್ಪಾ, ಇಲ್ಲಿ ವ್ಯಾಪಾರ ಆಗ್ಲೇ ಆಗಿದೆ" ಎಂದಷ್ಟೇ ಹೇಳಿ ಹೋದರು.

ನಾನು ಸ್ವರ್ಗದಲ್ಲಿದ್ದೆ. "ಹಾಗಾದ್ರೆ ನನಗೆ ಏನಂತೀರಿ?" ಎಂದೆ.

ಅನುಸೂಯಮ್ಮ ನೆಲ ನೋಡುತ್ತಾ, "ಯೋಚನೆ ಮಾಡಿ ಯುಗಾದಿ ಆದ್ಮೇಲೆ ತಿಳಿಸ್ತೀನಿ" ಎಂದರು.

"ಅಷ್ಟು ದಿನಾನಾ?" ಎಂಬ ಮಾತು ನನ್ನ ಬಾಯಿಂದ ಹಾರಿತು.

"ಅಷ್ಟು ದಿನಾನಾ?" ಎಂದರು ಅವರು. "ಆರು ವರ್ಷದ ಹಿಂದೆ ದೇವನಹಳ್ಳೀಲಿ ನಮ್ಮ ಸೋದರಮಾವನ ಮನೆಗೆ ಬಂದು, ತಲೆ ಎತ್ತದೆ ಒಂದು ತಟ್ಟೆ ಚಕ್ಕೋತ ತಿಂದು, ಯುಗಾದಿ ಆದ್ಮೇಲೆ ತಿಳಿಸ್ತೀವಿ ಅಂದು ಹೋದ್ರಲ್ಲಾ, ನೆನಪಿದೆಯಾ? ಆ ಯುಗಾದಿ ದಿನ ನಾನು ಬೆಳಿಗ್ಗೆಯಿಂದ ದೀಪ ಹಚ್ಚೋವರೆಗೂ ಬಾಗಿಲಲ್ಲಿ ಕೂತಿದ್ದೆ. ಯಾವ ಯುಗಾದಿ ಅಂತ ನೀವು ಹೇಳ್ಲಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೂದ ಅಷ್ಟರಲ್ಲಿ ಅಂಗಳದಲ್ಲಿ ಬಿದ್ದಿದ್ದ ಟವಲಿನ ಅರ್ಧ ತಿಂದಿದ್ದ.

ಫೆಬ್ರವರಿ ೨೪

ಆ ಹುಡುಗಿ ಇವರೇ. ಅದೇ ಕೈ ತಟ್ಟೆ ಇಟ್ಟದ್ದು. ನಾನು ತಲೆ ಎತ್ತಿದ್ದರೆ ಸಾಕಿತ್ತು. ತಲೆ ಎತ್ತುವುದಕ್ಕೆ ಖರ್ಚೇನು?

ಪಿಳ್ಳಪ್ಪಮಾವನನ್ನು ಕೇಳಿದೆ. "ಹೌದಲ್ಲೋ! ಆ ಚಕ್ಕೋತದ ಮನೆ! ಹುಡ್ಗಿ ಅಪ್ಪ ದನ ಮಾರೋಕೆ ಎಲ್ಲಿಗೋ ಹೋಗಿದ್ದ ಅಂತ ಸೋದರಮಾವನೇ ತೋರಿಸಿದ್ದ. ನೀನು ತಿಳಿಸಿರ್ತೀಯ ಅಂತ ನಾನು ಸುಮ್ಕಾದೆ" ಎಂದ. ನಾನು ಅವನು ತಿಳಿಸಿರುತ್ತಾನೆಂದುಕೊಂಡಿದ್ದೆ. ಇಲ್ಲ, ನಾನು ಏನೂ ಅಂದುಕೊಂಡಿರಲಿಲ್ಲ. ಮರೆತಿದ್ದೆ. ಚಕ್ಕೋತ ಮಾತ್ರ ನೆನಪಿಟ್ಟುಕೊಂಡಿದ್ದೆ, ಥೂ!

ಮಾರ್ಚ್ ೧

ಬಲಗಡೆಯ ಎತ್ತು ತಂದೆ. ಬಣ್ಣ ಸ್ವಲ್ಪ ಬೇರೆ. ಸುಳಿ ನೋಡಲಿಲ್ಲ. ಹೆಸರು ರಾಮ.

ಮಾರ್ಚ್ ೬

ಮನಸ್ಸು ಸರಿಯಿಲ್ಲ. ಯಾವುದನ್ನೂ ನೆಟ್ಟಗೆ ಆಲೋಚಿಸಲು ಆಗುತ್ತಿಲ್ಲ. ಬಾವಿಗೆ ಪಂಪ್‌ಸೆಟ್ ಹಾಕಿಸುತ್ತೀರಾ ಎಂದು ಕೇಳಿಕೊಂಡು ಬಂದವರಿಗೆ ಹೂಂ ಎಂದುಬಿಟ್ಟೆ. ಮೂಡಲ ಹೊಲವನ್ನು ಅರ್ಧ ಪಾಲಿನ ವಾರಕ್ಕೆ ಕೊಡುತ್ತೀಯಾ ಎಂದು ಬೈಲಪ್ಪ ಕೇಳಿದ, ಊಹೂಂ ಎಂದೆ. "ಯೋಚನೆ ಮಾಡಿ ಹೇಳು ಗುರು" ಎಂದ. "ಮಾಡಿಯಾಯ್ತು" ಎಂದೆ. ಅವನು ಬಾಯಿ ಬಿಟ್ಟುಕೊಂಡು ನಿಂತ. ನನ್ನ ಬುದ್ಧಿ ಮಂಕಾಗುತ್ತಿದೆಯೆಂದು ಅವನಿಗೂ ಗೊತ್ತಾಗಿರಬೇಕು.

ಮಾರ್ಚ್ ೧೨

ಬೂದ ರಾಮ ಇಬ್ಬರನ್ನೂ ಕಟ್ಟಿ ಉತ್ತೆ. 

ಮಾರ್ಚ್ ೧೯, ಯುಗಾದಿ

ಎಣ್ಣೆ ನೀರು ಹಾಕಿಕೊಂಡು ಅವರು ಹೊಲಿದ ತುಂಬು ತೋಳಿನ ಅಂಗಿ ತೊಟ್ಟು ಬಾಗಿಲಲ್ಲಿ ಕೂತೆ. ಯಾರಾದರೂ ಬರಬಹುದು, ಆವಲಪ್ಪನೇ ಬರಬಹುದು. ರಸ್ತೆಯಲ್ಲಿ ಬೈಸಿಕಲ್ ಗಂಟೆ ಕೇಳಿದಾಗಲೆಲ್ಲ ಎದ್ದು ನಿಂತೆ. ಅವ್ವ ಹೋಳಿಗೆ ತಿನ್ನಲು ಕರೆದಳು, ಆಮೇಲೆ ಎಂದೆ. ಮತ್ತೆ ಕರೆದಳು. ಕೊನೆಗೆ ಅವಳೇ ತಂದು ಪಕ್ಕದಲ್ಲಿಟ್ಟು ಹೋದಳು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು, ಅಂಗಳದಿಂದ ಬೀದಿಗೆ ಹೋಯಿತು. ಅವ್ವ ದೀಪ ಹಚ್ಚಿದಳು. ಯಾರೂ ಬರಲಿಲ್ಲ.

ಆ ಯುಗಾದಿಯಂದು ಅವರೂ ಹೀಗೇ ಕೂತಿರಬೇಕು. ಒಳಗಿನಿಂದ ಸೋದರಮಾವನ ಹೆಂಡತಿ ಊಟಕ್ಕೆ ಕರೆದಿರಬೇಕು. ಆಮೇಲೆ ಎಂದಿರಬೇಕು. ನಾನು ಆವತ್ತು ಇದೇ ಜಗಲಿಯಲ್ಲಿ ಹೋಳಿಗೆ ತಿಂದು ಮಲಗಿದ್ದೆ. ನನಗೆ ಬಹಳ ಅಳು ಬಂತು. ಅತ್ತೆ. ಹೋಳಿಗೆ ಮುಟ್ಟಲಾಗಲಿಲ್ಲ.

ಮಾರ್ಚ್ ೨೦, ಹೊಸತೊಡಕು

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವಂತೆ. ಹಾಗಾದರೆ ಕೂತಿರುವುದು ಬೇಡ. ಕೋಳಿ ಕೂಗುವಾಗಲೇ ಗಾಡಿ ಹೂಡಿದೆ. ಅವ್ವನನ್ನೂ ಪಿಳ್ಳಪ್ಪಮಾವನನ್ನೂ ಎಬ್ಬಿಸಿ ಕೂರಿಸಿದೆ. ಮಾವ, "ಹಬ್ಬದ ಬಾಡೂಟ ಮುಗಿಸ್ಕೊಂಡು ಹೋಗಾನ, ಏನವಸರ?" ಎಂದ. ನಾನು ಎತ್ತಿನ ಬಾಲ ತಿರುವಿದೆ. ಎಡಕ್ಕೆ ಬೂದ, ಬಲಕ್ಕೆ ರಾಮ. ಬಣ್ಣ ಬೇರೆಯಾದರೂ ಹೆಜ್ಜೆ ಒಂದೇ.

ಅನುಸೂಯಮ್ಮ ಜಗಲಿಯಲ್ಲಿ ಯಂತ್ರ ತುಳಿಯುತ್ತಿದ್ದರು. ಗಾಡಿ ನಿಂತದ್ದನ್ನು ನೋಡಿದರು, ತುಳಿಯುವುದನ್ನು ನಿಲ್ಲಿಸಲಿಲ್ಲ.

"ಯುಗಾದಿ ಆಯ್ತು" ಎಂದೆ. "ನಿನ್ನೆ ಪೂರ್ತಿ ಬಾಗಿಲಲ್ಲಿ ಕೂತಿದ್ದೆ. ದೀಪ ಹಚ್ಚೋವರೆಗೂ."

ಯಂತ್ರ ನಿಂತಿತು. "ಊಟ ಮಾಡಿದ್ರಾ?"

"ಇಲ್ಲ."

"ನಾನೂ ಮಾಡಿರಲಿಲ್ಲ, ಆವತ್ತು" ಎಂದರು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

"ಯೋಚನೆ ಮುಗೀತಾ?"

"ಯೋಚನೆ ಎಲ್ಲಾ ಆರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದೆ. ನಿಮ್ಮನ್ನ ಕಾಯಿಸ್ಬೇಕಿತ್ತು, ಕಾಯಿಸ್ದೆ." ಯಂತ್ರದಿಂದ ಬಟ್ಟೆ ತೆಗೆದು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ ನನ್ನ ಮುಂದೆ ಹಿಡಿದರು. ಬಿಳಿ ಅಂಗಿ, ತುಂಬು ತೋಳು. "ಮದುವೆಗೆ. ಇದಕ್ಕೂ ಅರ್ಧ ತೋಳೋ ತುಂಬು ತೋಳೋ ಅಂದ್ರೆ ನೋಡಿ ಮತ್ತೆ."

ಆವಲಪ್ಪ ಹೊರಗೆ ಬಂದ. ಹೊಸ ಟವಲು ಹಾಕಿದ್ದ. ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು. ಮಗಳನ್ನು ನೋಡಿ ಕೆಳಗೆ ಇಳಿಸಿದ. "ಬಾಯಲ್ಲೇ ಮಾತಾಡಾನ ಬನ್ನಿ" ಎಂದ. ಬಾಯಲ್ಲಿ ಮಾತಾಡುವುದು ಅವನಿಗೆ ಸ್ವಲ್ಪ ಕಷ್ಟವೇ ಆಯಿತು.

ಆರು ವರ್ಷ ಸುಮ್ಮನೆ ಹೋಯಿತು. ಅದು ವಾಪಸು ಬರುವುದಿಲ್ಲ. ಬೇರೆ ಏನೂ ಬರೆಯಲು ತೋಚುತ್ತಿಲ್ಲ, ಸಂತೋಷವಾಗಿದೆ.

ಮೇ ೨೫

ಡೈರಿ ರಾಗಿ ತುಂಬಿಡುವ ಪಣತದ ಹಿಂದೆ ಬಿದ್ದಿತ್ತು, ಈವತ್ತು ಸಿಕ್ಕಿತು. ಮದುವೆ ಆಯಿತು, ಪಂಪ್‌ಸೆಟ್ ಬಂತು. ಬರೆಯಲು ಪುರುಸೊತ್ತೇ ಇಲ್ಲ.

ಆದರೆ ಈವತ್ತಿನದನ್ನು ಬರೆಯಲೇಬೇಕು, ಅಷ್ಟು ಸಿಟ್ಟು ಬಂದಿದೆ. ಪಿಳ್ಳಪ್ಪಮಾವ ಬಂದಿದ್ದ. ಕಾಫಿ ಬೇಕೋ ಮಜ್ಜಿಗೆ ಬೇಕೋ ಎಂದು ಅನುಸೂಯ ಕೇಳಿದಳು. ಕಾಫಿ ಕುಡಿದರೆ ಪಿತ್ತ, ಮಜ್ಜಿಗೆ ಕುಡಿದರೆ ನೆಗಡಿ, ಆದರೆ ಬಿಸಿಲಿದೆ, ಆದರೂ ಕಾಫಿ ವಾಸನೆ ಚೆನ್ನಾಗಿದೆ ಎಂದು ಶುರುಮಾಡಿದ. ಒಲೆ ಉರಿಯುತ್ತಲೇ ಇದೆ! ನನಗೆ ತಡೆಯಲಾಗಲಿಲ್ಲ. "ಬೇಗ ಹೇಳು ಮಾವ! ಹಿಂಗೆ ಅನುಮಾನ ಮಾಡ್ತಾ ಕೂತ್ರೆ ಮನುಷ್ಯ ಉದ್ಧಾರ ಆಗ್ತಾನಾ? ನನ್ನನ್ನ ನೋಡಿ ಕಲಿ" ಎಂದೆ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅನುಸೂಯ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಅವ್ವನೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ನಾನು ನಗುವಂಥದ್ದೇನು ಹೇಳಿದೆ? ಯಾಕೆ ನಗ್ತೀಯ ಎಂದು ಗದರಿಸಿ ಕೇಳಿದೆ.

"ಯುಗಾದಿ ಆದ್ಮೇಲೆ ಹೇಳ್ತೀನಿ" ಎಂದಳು.